ಕೆರೆ ಓದಲು ಯಾವ ಕಾಂಬಿನೇಷನ್? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಪ್ರತಿ: ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕುಲಪತಿಗಳು

ವಿಷಯ: ಮೂರು ವರ್ಷದ ಬಿ.ಎ., ಬಿ.ಎಸ್ಸಿ. ಪದವಿಯೊಳಗೇ, ವಿದ್ಯಾರ್ಥಿ ತಾನೇ ಯೋಜಿಸಿಕೊಳ್ಳುವ ಅಂತರಶಿಸ್ತೀಯ ಓದಿಗೆ ಅವಕಾಶ ಕೋರಿ

ಮಾನ್ಯರೇ,

ಪಿಯುಸಿ ಫಲಿತಾಂಶ ಬಂದ ಮೇಲೆ ಯಾವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋದರೂ ಪ್ರವೇಶದ ಕೌಂಟರಿನಲ್ಲಿ ಮೊದಲು ಕೇಳುವ ಮಾತು ಒಂದೇ: ‘ಯಾವ ಕಾಂಬಿನೇಷನ್?’ ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಎಚ್‌ಇಪಿ, ಎಚ್‌ಇಎಸ್, ಎಚ್‌ಇಕೆ. ವಿಜ್ಞಾನದವರಿಗೆ ಪಿಸಿಎಂ, ಸಿಬಿಝಡ್. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಈ ಮೂರನ್ನು ಒಟ್ಟಿಗೆ ಕಟ್ಟಿದವರು ಯಾರು, ಯಾವ ಕಾರಣಕ್ಕೆ ಎಂದು ಯಾರೂ ಕೇಳುವುದಿಲ್ಲ. ಅದು ಊರ ಬಸ್ಸಿನ ರೂಟಿನಂತೆ; ಇದ್ದದ್ದು ಇದೆ, ಹತ್ತುವುದು ಬಿಡುವುದು ನಿಮಗೆ ಬಿಟ್ಟದ್ದು.

ಈಗ ಕೋಲಾರ ಜಿಲ್ಲೆಯ ಒಬ್ಬ ವಿದ್ಯಾರ್ಥಿನಿ ಅದೇ ಕೌಂಟರಿಗೆ ಬಂದು, ‘ನನಗೆ ನಮ್ಮೂರ ಕೆರೆಯನ್ನು ಓದಬೇಕು’ ಎಂದಳು ಎಂದಿಟ್ಟುಕೊಳ್ಳಿ. ಹುಡುಗಾಟದ ಮಾತಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಆ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್‌ನ ಯೋಜನೆ ಅದು; ಮೊದಲ ಹಂತದಲ್ಲೇ 126 ಕೆರೆ. ನೀರು ಬಂದ ಮೇಲೆ ಸುತ್ತಲಿನ ಕೊಳವೆಬಾವಿಗಳಲ್ಲಿ ಏನಾಯಿತು, ಆ ನೀರಿನ ಗುಣ ಹೇಗಿದೆ, ಅಚ್ಚುಕಟ್ಟಿನಲ್ಲಿ ಬೆಳೆ ಬದಲಾಯಿತೇ, ತೂಬು ಎತ್ತುವ ನೀರುಗಂಟಿಯ ಕೆಲಸ ಈಗ ಯಾರದು, ಆ ಕೆರೆಗೆ ಹಿಂದೆ ಬಿತ್ತುವಟ್ಟವಾಗಿ (ಕೆರೆ ಕಟ್ಟಿ ಕಾಯುವುದಕ್ಕೆಂದು ಕೊಡುತ್ತಿದ್ದ ದತ್ತಿಯಾಗಿ) ಬಿಟ್ಟ ಜಮೀನು ಇಂದು ಯಾರ ಪಹಣಿಯಲ್ಲಿದೆ? ಒಂದು ಕೆರೆಯ ಏರಿಯ ಮೇಲೆ ನಿಂತರೆ ಇಷ್ಟೂ ಪ್ರಶ್ನೆ ಕಣ್ಣಿಗೇ ಬೀಳುತ್ತವೆ. ಉತ್ತರಕ್ಕೆ ಭೂಗೋಳ ಬೇಕು, ಇತಿಹಾಸ ಮತ್ತು ಶಾಸನ ಓದುವ ಅಭ್ಯಾಸ ಬೇಕು, ನೀರು ಪರೀಕ್ಷೆ ಮಾಡುವಷ್ಟು ರಸಾಯನಶಾಸ್ತ್ರ ಬೇಕು, ಸ್ವಲ್ಪ ಗ್ರಾಮೀಣ ಅರ್ಥಶಾಸ್ತ್ರ, ಸ್ವಲ್ಪ ಕಾನೂನು ಬೇಕು. ಇದಕ್ಕೆ ನಮ್ಮಲ್ಲಿ ಕಾಂಬಿನೇಷನ್ ಇಲ್ಲ. ಅವಳನ್ನು ಎಚ್‌ಇಪಿಗೆ ಸೇರಿಸುತ್ತೇವೆ. ರಸಾಯನಶಾಸ್ತ್ರ ಇರುವುದು ಅದೇ ಕಾಂಪೌಂಡಿನ ಎದುರು ಬ್ಲಾಕಿನಲ್ಲಿ. ಮೂರು ವರ್ಷದಲ್ಲಿ ಅವಳು ಒಮ್ಮೆಯೂ ಆ ಮೆಟ್ಟಿಲು ಹತ್ತುವುದಿಲ್ಲ.

ಈ ಪತ್ರ ಬರೆಯುತ್ತಿರುವ ನಾವು ಪದವಿ ತರಗತಿಗಳಲ್ಲಿ ಪಾಠ ಮಾಡುವವರು, ಪಠ್ಯಕ್ರಮ, ವೇಳಾಪಟ್ಟಿ, ಪರೀಕ್ಷೆಯ ಕೆಲಸದಲ್ಲಿ ಕೈ ಸವೆಸಿಕೊಂಡವರು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ವಾಪಸು ತನ್ನಿ ಎಂದೋ, ನಾಲ್ಕನೇ ವರ್ಷ ಸೇರಿಸಿ ಎಂದೋ ಕೇಳಲು ಬಂದಿಲ್ಲ. ಆ ಜಗಳ ಬೇರೆ. ಮೂರು ವರ್ಷದ ಪದವಿಯನ್ನು ಹಾಗೇ ಇಟ್ಟುಕೊಂಡು ಅದರ ಪಕ್ಕದಲ್ಲಿ ಒಂದು ಕಿರುಬಾಗಿಲು ತೆರೆಯಿರಿ ಎಂಬುದಷ್ಟೇ ನಮ್ಮ ಬೇಡಿಕೆ.

ಹಿಂದಿನದನ್ನು ಒಮ್ಮೆ ನೆನಪಿಸಿಕೊಳ್ಳುವುದು ಅಗತ್ಯ. 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, 2021–22ರಿಂದಲೇ ಆ ರಾಷ್ಟ್ರೀಯ ನೀತಿಯನ್ನು ಪದವಿ ತರಗತಿಗಳಿಗೆ ತಂದ ಮೊದಲ ರಾಜ್ಯ ನಮ್ಮದು. ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ತಲಾ 3 ಕ್ರೆಡಿಟ್‌ನ ಒಂದು ‘ಓಪನ್ ಎಲೆಕ್ಟಿವ್’ ಇತ್ತು. ತನ್ನ ವಿಭಾಗದ ಆಚೆಗೆ ಏನನ್ನಾದರೂ ಓದು ಎಂಬುದು ಅದರ ಆಶಯ. ಮೂರು ವರ್ಷ ಕಳೆಯುವಷ್ಟರಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. 2024–25ರಿಂದ ಮೂರು ವರ್ಷದ ಪದವಿಗೂ ಮೂರು ವಿಷಯಗಳ ಹಳೆಯ ಚೌಕಟ್ಟಿಗೂ ಮರಳಿದೆವು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ಆ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿಯನ್ನೂ ಕೊಟ್ಟಿದೆ. ಅಂದರೆ ಪದವಿಯ ಚೌಕಟ್ಟು ಇನ್ನೂ ಹಸಿ ಇದೆ, ಒಣಗಿಲ್ಲ. ಕೇಳುವುದಾದರೆ ಈಗಲೇ ಕೇಳಬೇಕು.

ಓಪನ್ ಎಲೆಕ್ಟಿವ್ ಸೋತದ್ದು ವಿದ್ಯಾರ್ಥಿಗಳಿಗೆ ಆಸಕ್ತಿ ಇಲ್ಲದೆ ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಸೋಲಿನ ಕಾರಣ ಸ್ಟಾಫ್ ರೂಮಿನಲ್ಲಿತ್ತು, ಹೆಸರು ಕಾರ್ಯಭಾರ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಗಂಟೆ ಕಡಿಮೆಯಾದ ವಿಭಾಗದಲ್ಲಿ ಕಾಯಂ ಅಧ್ಯಾಪಕರಿಗೆ ವರ್ಗಾವಣೆಯ ಭಯ, ಅತಿಥಿ ಉಪನ್ಯಾಸಕರಿಗೆ ಕೆಲಸವನ್ನೇ ಕಳೆದುಕೊಳ್ಳುವ ಭಯ. ಹಾಗಾಗಿ ಎಷ್ಟೋ ಕಡೆ ಓಪನ್ ಎಲೆಕ್ಟಿವ್ ಎಂಬುದು ವಿದ್ಯಾರ್ಥಿಯ ಆಯ್ಕೆಯಾಗದೆ, ವಿಭಾಗಗಳ ನಡುವಿನ ಗಂಟೆ ಹಂಚಿಕೆಯ ಒಪ್ಪಂದವಾಯಿತು. ‘ಬಿ.ಕಾಂ. ಎ ಸೆಕ್ಷನ್ ಪೂರ್ತಿ ಇತಿಹಾಸಕ್ಕೆ, ಬಿ ಸೆಕ್ಷನ್ ಪೂರ್ತಿ ಸಮಾಜಶಾಸ್ತ್ರಕ್ಕೆ’ ಎಂದು ನೋಟಿಸ್ ಬೋರ್ಡಿನಲ್ಲಿ ಹಚ್ಚಿದರೆ ಅದನ್ನು ಆಯ್ಕೆ ಎನ್ನಲಾಗದು. ಎಲ್ಲರ ಎಲೆಕ್ಟಿವ್ ಒಂದೇ ಅವಧಿಗೆ ಬರಬೇಕು, ಕೊಠಡಿ ಸಾಲದು, ವಿಜ್ಞಾನದವರಿಗೆ ಮಧ್ಯಾಹ್ನ ಪ್ರಾಯೋಗಿಕ ತರಗತಿ. ಕೊನೆಗೆ ಯಾವ ಕೊಠಡಿ ಖಾಲಿಯೋ ಆ ವಿಷಯ. ಅಲ್ಲದೆ ನಾಲ್ಕೂ ಎಲೆಕ್ಟಿವ್‌ಗಳು ಪರಿಚಯದ ಹಂತದವೇ. ನಾಲ್ಕು ಊರಿನ ಬಸ್ ಸ್ಟ್ಯಾಂಡ್ ನೋಡಿ ಬಂದಂತೆ. ಯಾವ ಊರೂ ನೋಡಿದಂತಾಗಲಿಲ್ಲ.

ನಾವು ಕೇಳುತ್ತಿರುವುದು ಇದಲ್ಲ. ಸ್ವಯೋಜಿತ ಪದವಿ ಎಂದರೆ (ಹೆಸರು ಬೇಕಾದರೆ ಬದಲಿಸಿಕೊಳ್ಳಿ) ಪಟ್ಟಿಯಿಂದ ನಾಲ್ಕು ಪತ್ರಿಕೆ ಆರಿಸಿಕೊಳ್ಳುವುದಲ್ಲ. ಒಂದು ಪ್ರಶ್ನೆ ಹಿಡಿದು, ಅದಕ್ಕೆ ಬೇಕಾದ ಪತ್ರಿಕೆಗಳನ್ನು ಬೇರೆಬೇರೆ ವಿಭಾಗಗಳಿಂದ ಏಣಿಯಂತೆ ಜೋಡಿಸಿಕೊಂಡು, ಮಾರ್ಗದರ್ಶಕರೊಬ್ಬರ ಸಹಿ ಪಡೆದು, ಕೊನೆಗೆ ಆ ಪ್ರಶ್ನೆಗೆ ತನ್ನದೇ ಕೆಲಸದ ಮೂಲಕ ಉತ್ತರ ಕೊಡುವುದು. ಇದು ಹೊಸ ಕನಸೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಸ್ಟೇಟ್ ಕಾಲೇಜು 1971ರಲ್ಲಿ ತರಗತಿ ಶುರುಮಾಡಿದ ಸರ್ಕಾರಿ ಕಾಲೇಜು. ವಿದ್ಯಾರ್ಥಿ ಮತ್ತು ಅಧ್ಯಾಪಕ ಇಬ್ಬರೂ ಸಹಿ ಹಾಕುವ ‘ಕಲಿಕೆಯ ಒಪ್ಪಂದ’ ಅಲ್ಲಿನ ಹಳೆಯ ರೂಢಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆ 1972ರಿಂದ ಇದನ್ನೇ ಮಾಡುತ್ತಿದೆ: ನಡುವಿನಲ್ಲಿ ವಿದ್ಯಾರ್ಥಿ ತನ್ನ ಓದಿನ ದಾರಿಯನ್ನು ಬರೆದು ಒಪ್ಪಿಸಬೇಕು, ಕೊನೆಯಲ್ಲಿ ತಾನು ಓದಿದ ಪುಸ್ತಕಗಳ ಪಟ್ಟಿ ಹಿಡಿದು ಅಧ್ಯಾಪಕರ ಮುಂದೆ ಕುಳಿತು ಮಾತಾಡಬೇಕು. ಅಷ್ಟು ದೂರ ಬೇಡವೆಂದರೆ ದೆಹಲಿ ವಿಶ್ವವಿದ್ಯಾಲಯದ ಕ್ಲಸ್ಟರ್ ಇನ್ನೊವೇಷನ್ ಸೆಂಟರ್ ಇದೆ. ಅಲ್ಲಿನ ಮಾನವಿಕ–ಸಮಾಜವಿಜ್ಞಾನ ಬಿ.ಎ. ವಿದ್ಯಾರ್ಥಿಗಳು ಬೇರೆಬೇರೆ ಕಾಲೇಜುಗಳಲ್ಲಿ ಪತ್ರಿಕೆ ಓದುವ ಏರ್ಪಾಡಿನಲ್ಲೇ ಆ ಪದವಿ ಹುಟ್ಟಿತು. ನಮ್ಮ ಬೆಂಗಳೂರಿನ ಸುತ್ತಮುತ್ತಲ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ‘ಲಿಬರಲ್ ಆರ್ಟ್ಸ್’ ಬೋರ್ಡು ಕಾಣುತ್ತದೆ. ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕಟ್ಟಬಲ್ಲವರ ಮಕ್ಕಳು ಭೌತಶಾಸ್ತ್ರದ ಜೊತೆ ಸಂಗೀತ ಓದಬಹುದು, ಸರ್ಕಾರಿ ಕಾಲೇಜಿನ ಮಗು ಎಚ್‌ಇಪಿ ಮಾತ್ರ ಓದಬೇಕು ಎಂದರೆ, ಸಾಮಾಜಿಕ ನ್ಯಾಯದ ಹೆಸರಿನಲ್ಲಿ ನೀತಿ ಬರೆಸಿದ ಸರ್ಕಾರ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಲೆಕ್ಕಕ್ಕೆ ಬರೋಣ. ಯುಜಿಸಿಯ 2022ರ ಡಿಸೆಂಬರ್ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್. ಅದರಲ್ಲಿ ಎರಡು ಭಾಷೆಗೆ ನಾಲ್ಕು ಸೆಮಿಸ್ಟರ್, ತಲಾ 3ರಂತೆ 24 ಹೋಯಿತು. ಇದನ್ನು ಮುಟ್ಟುವುದು ಬೇಡ. ಸಂವಿಧಾನ, ಪರಿಸರ, ಕೌಶಲದಂಥ ಕಡ್ಡಾಯ ಪತ್ರಿಕೆಗೆ 8 ಇಡೋಣ. ಉಳಿದದ್ದು 88. ನಮ್ಮ ಸಲಹೆ ಹೀಗಿದೆ: ಒಂದು ಆಧಾರ ವಿಷಯಕ್ಕೆ 36, ಎರಡನೇ ವಿಷಯಕ್ಕೆ 20, ಬೇರೆ ನಿಕಾಯದ ಪತ್ರಿಕೆಗಳಿಗೆ 16, ಅಧ್ಯಯನ ವಿಧಾನಕ್ಕೆ 6, ಕೊನೆಯ ಕೆಲಸಕ್ಕೆ 10.

ಆ ಕೋಲಾರದ ವಿದ್ಯಾರ್ಥಿನಿಗೆ ಇದನ್ನು ಹಚ್ಚಿ ನೋಡಿ. ಆಧಾರ ವಿಷಯ ಭೂಗೋಳ: ಭೌತಿಕ ಭೂಗೋಳ, ಜಲಭೂಗೋಳ, ನಕ್ಷೆ ಮತ್ತು ದೂರಸಂವೇದಿ, ಜೊತೆಗೆ ಅವುಗಳ ಪ್ರಾಯೋಗಿಕ. ಎರಡನೆಯದು ಇತಿಹಾಸ: ಕರ್ನಾಟಕದ ಇತಿಹಾಸ, ಭೂಕಂದಾಯ ವ್ಯವಸ್ಥೆ, ಶಾಸನಶಾಸ್ತ್ರ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. ಅದರಲ್ಲಿ ತನ್ನ ಹೋಬಳಿಯ ಕೆರೆಯ ದತ್ತಿ ಹುಡುಕಿ ಓದಲು ಬಂದರೆ ಆ 20 ಕ್ರೆಡಿಟ್ ಸಾರ್ಥಕ. 16ರಲ್ಲಿ ನಾಲ್ಕು ಪತ್ರಿಕೆ: ನೀರಿನ ರಸಾಯನ, ಪರಿಚಯದ ಭೂವಿಜ್ಞಾನ, ಗ್ರಾಮೀಣ ಅರ್ಥಶಾಸ್ತ್ರ, ಮತ್ತು 2014ರ ಕೆರೆ ಸಂರಕ್ಷಣಾ ಕಾಯ್ದೆಯನ್ನೂ ಒಳಗೊಂಡ ಜಲ–ಭೂಮಿ ಕಾನೂನು. ವಿಧಾನದ 6ರಲ್ಲಿ ಸಂಖ್ಯಾಶಾಸ್ತ್ರ, ಸಮೀಕ್ಷೆ, ಸಂದರ್ಶನ, ಕ್ಷೇತ್ರ ಟಿಪ್ಪಣಿ. ಕೊನೆಯ ಕೆಲಸ 10 ಕ್ರೆಡಿಟ್ ಎಂದರೆ, ಕ್ರೆಡಿಟ್‌ಗೆ 30 ಗಂಟೆಯಂತೆ 300 ಗಂಟೆ. ಐದನೇ ಸೆಮಿಸ್ಟರಿನಲ್ಲಿ 120, ಆರರಲ್ಲಿ 180. ವೇಳಾಪಟ್ಟಿ ಜಾರದಿದ್ದರೆ ಐದನೆಯದರಲ್ಲಿ ಕೋಡಿ ಹರಿಯುವ ಕಾಲ ಸಿಗುತ್ತದೆ, ಆರನೆಯದರಲ್ಲಿ ಬತ್ತುವ ಕಾಲ. ಎರಡೂ ಹೊತ್ತಿನಲ್ಲಿ ಅದೇ ಹತ್ತು ಕೊಳವೆಬಾವಿಯ ನೀರು ತಂದು ಕಾಲೇಜಿನ ಲ್ಯಾಬಿನಲ್ಲಿ ಇಡಿಟಿಎ ಟೈಟ್ರೇಷನ್‌ನಿಂದ ಗಡಸುತನ ಅಳೆಯುವುದು, ಫ್ಲೋರೈಡ್ ನೋಡುವುದು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5. ಈ ಅಂಕಿಯ ಆಚೆ ಈಚೆ ತನ್ನೂರಿನ ಬಾವಿ ಎಲ್ಲಿದೆ ಎಂದು ಗೊತ್ತಿರುವ ಪದವೀಧರೆಯನ್ನು ಯಾವ ಗ್ರಾಮ ಪಂಚಾಯಿತಿ ಬೇಡ ಎಂದೀತು?

ಈ ಏರ್ಪಾಡಿನಲ್ಲಿ ಹೊಸ ಪಠ್ಯಕ್ರಮ ಬರೆಯಬೇಕಾದ್ದು ವಿಧಾನದ ಪತ್ರಿಕೆಗೆ ಮಾತ್ರ. ಕೊನೆಯ ಕೆಲಸಕ್ಕೆ ಒಂದು ಮಾರ್ಗಸೂಚಿ ಸಾಕು. ಉಳಿದದ್ದೆಲ್ಲ ಬೇರೆಬೇರೆ ವಿಭಾಗಗಳಲ್ಲಿ ಈಗಾಗಲೇ ನಡೆಯುತ್ತಿರುವ ಪತ್ರಿಕೆಗಳೇ. ಅವೇ ಪ್ರಶ್ನೆಪತ್ರಿಕೆ, ಅದೇ ಮೌಲ್ಯಮಾಪನ. ಕಾಲೇಜಿನಲ್ಲಿ ಇಲ್ಲದ ಒಂದೆರಡನ್ನು ಪಕ್ಕದ ಕಾಲೇಜಿನಿಂದಲೋ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯಿಂದಲೋ ತರಬೇಕು. ‘ಹೊಸ ಕೋರ್ಸು ಅಂದರೆ ಹೊಸ ಬಿಒಎಸ್ (ಅಧ್ಯಯನ ಮಂಡಳಿ), ಹೊಸ ಪರೀಕ್ಷಾ ಮಂಡಳಿ’ ಎಂದು ಕೈಚೆಲ್ಲುವವರಿಗೆ ಇದನ್ನು ತೋರಿಸಿ.

ನಡೆಸುವ ಕ್ರಮ. ಮೊದಲ ಎರಡು ಸೆಮಿಸ್ಟರ್ ಎಲ್ಲರಂತೆ ಮೂರು ವಿಷಯ ಓದಲಿ. ಹದಿನೆಂಟರ ವಯಸ್ಸಿನಲ್ಲಿ, ಪಿಯುಸಿ ಮುಗಿದ ಮರುದಿನವೇ, ಪ್ರಶ್ನೆ ಹಿಡಿದು ಬಾ ಎನ್ನುವುದು ತಪ್ಪು. ಎರಡನೇ ಸೆಮಿಸ್ಟರಿನ ಕೊನೆಗೆ ಆಸಕ್ತರು ನಾಲ್ಕು ಪುಟದ ಯೋಜನೆ ಕೊಡಬೇಕು, ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಅದರಲ್ಲಿ ಪ್ರಶ್ನೆ ಎರಡು ವಾಕ್ಯದಲ್ಲಿರಬೇಕು. ಪ್ರತಿ ಸೆಮಿಸ್ಟರಿನ ಪತ್ರಿಕೆ, ಅದರ ಕೋಡ್, ಅದು ಯಾಕೆ ಬೇಕು ಎಂಬ ಒಂದು ಸಾಲು. ಪತ್ರಿಕೆ ನಡೆಯದಿದ್ದರೆ ಬದಲಿ ಯಾವುದು. ಇಬ್ಬರು ಮಾರ್ಗದರ್ಶಕರ ಸಹಿ. ಮೂವರು ಅಧ್ಯಾಪಕರ ಸಮಿತಿ ಅರ್ಧ ಗಂಟೆ ಕೂರಿಸಿ ಮಾತಾಡಿಸಿ ಒಪ್ಪಬೇಕು, ಇಲ್ಲವೇ ತಿದ್ದಿಕೊಂಡು ಬಾ ಎನ್ನಬೇಕು. ನಾಲ್ಕನೇ ಸೆಮಿಸ್ಟರಿನ ಕೊನೆಗೆ ಮರುಪರಿಶೀಲನೆ. ಅಲ್ಲಿ ಸರಿಹೋಗಲಿಲ್ಲವೆಂದರೆ ವರ್ಷ ಕಳೆದುಕೊಳ್ಳದೆ ಮಾಮೂಲಿ ಬಿ.ಎ.ಗೆ ಮರಳುವ ದಾರಿ ಇರಲೇಬೇಕು. ಆಧಾರ ವಿಷಯ ಮತ್ತು ಎರಡನೇ ವಿಷಯ ಇಟ್ಟಿರುವುದರ ಒಂದು ಉದ್ದೇಶವೇ ಅದು. ಮರಳುವ ದಾರಿ ಇಲ್ಲದಿದ್ದರೆ ಬಡವರ ಮನೆಯ ಮಕ್ಕಳು ಈ ಬಾಗಿಲ ಹತ್ತಿರವೂ ಸುಳಿಯುವುದಿಲ್ಲ, ಸುಳಿಯಲೂಬಾರದು.

ಎಲ್ಲೆಲ್ಲಿ ಮುಗ್ಗರಿಸುತ್ತದೆ ಎಂದು ಮೊದಲೇ ಹೇಳಿಬಿಡುತ್ತೇವೆ, ಆಮೇಲೆ ಅದನ್ನೇ ನೆಪ ಮಾಡಿ ಮುಚ್ಚುವುದು ಬೇಡ. ಬಹುಪಾಲು ಯೋಜನೆ ಕೆಡುವುದು ಪ್ರಶ್ನೆ ಬಹಳ ದೊಡ್ಡದಾಗಿದ್ದಾಗ. ‘ಸಮಾಜ ಮತ್ತು ಪರಿಸರ’ ಪ್ರಶ್ನೆಯೇ ಅಲ್ಲ, ಅದು ವಿಚಾರ ಸಂಕಿರಣದ ಬ್ಯಾನರು. ‘ನಮ್ಮ ಹೋಬಳಿಯ ಮೂರು ಕೆರೆಗಳಲ್ಲಿ ಹೊಸ ನೀರು ಬಂದ ಮೇಲೆ ಬೆಳೆ ಏನು ಬದಲಾಯಿತು’ ಎಂಬುದು ಪ್ರಶ್ನೆ. ಅದನ್ನು ಅಲ್ಲಿಗೆ ಇಳಿಸುವುದೇ ಮೊದಲ ವರ್ಷದ ಮಾರ್ಗದರ್ಶಕರ ಅರ್ಧ ಕೆಲಸ.

ಇನ್ನೊಂದು, ಮದುವೆ ಮನೆಯ ಎಲೆಯ ರೋಗ: ಎಲ್ಲವನ್ನೂ ಒಂದೊಂದು ಚಮಚ ಬಡಿಸಿಕೊಂಡು ಯಾವುದನ್ನೂ ಊಟ ಮಾಡದಿರುವುದು. ಹತ್ತು ವಿಭಾಗದ ಮೊದಲ ಪತ್ರಿಕೆ ಓದಿದವರು ಅಂತರಶಿಸ್ತೀಯರಾಗುವುದಿಲ್ಲ. ಇದಕ್ಕೆ ಮದ್ದು ಯುಜಿಸಿ ಚೌಕಟ್ಟಿನಲ್ಲೇ ಇದೆ. ಪತ್ರಿಕೆಗಳಿಗೆ ಮಟ್ಟದ ಸಂಖ್ಯೆ ಕೊಡಬೇಕು ಎಂದು ಅದು ಹೇಳುತ್ತದೆ: 100ರ ಸರಣಿ ಬುನಾದಿ, 200 ನಡುವಿನದು, 300 ಮೇಲಿನದು. ನಮ್ಮ ವಿಶ್ವವಿದ್ಯಾಲಯಗಳು ಆ ಸಂಖ್ಯೆಗಳನ್ನು ಪ್ರಾಮಾಣಿಕವಾಗಿ ಕೊಟ್ಟರೆ ನಿಯಮ ಸುಲಭ. 88ರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು 100ರ ಸರಣಿಯದು ಇರಕೂಡದು, ಆಧಾರ ವಿಷಯದಲ್ಲಿ ಕನಿಷ್ಠ ಮೂರು ಪತ್ರಿಕೆ 300ರ ಸರಣಿಯದಾಗಿರಬೇಕು. ಕಲಾ ವಿದ್ಯಾರ್ಥಿ ಲ್ಯಾಬಿಗೆ ಬರುವಾಗ ಪೂರ್ವಸಿದ್ಧತೆಯ ಪ್ರಶ್ನೆಯೂ ಏಳುತ್ತದೆ. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದದವರನ್ನು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರಿಗೆ ನೂಕಿದರೆ ಫೇಲಾಗುವುದು ಖಂಡಿತ. ನೀರು, ಮಣ್ಣು, ಆಹಾರದ ಪರೀಕ್ಷೆಯಂಥ ಪ್ರಾಯೋಗಿಕ ಪ್ರಧಾನ ಪತ್ರಿಕೆಯೊಂದನ್ನೇ ಅವರಿಗೆ ತೆರೆದಿಡಬೇಕು.

ಮಾರ್ಗದರ್ಶಕರ ಮಾತು. ಅತಿಥಿ ಉಪನ್ಯಾಸಕರ ನೇಮಕ ಶೈಕ್ಷಣಿಕ ವರ್ಷಕ್ಕೆ ಸೀಮಿತ, ಕಾಯಂ ಅಧ್ಯಾಪಕರಿಗೆ ವರ್ಗಾವಣೆಯ ಕೌನ್ಸೆಲಿಂಗ್. ನಂಬಿದ ಮೇಷ್ಟ್ರು ಮೂರನೇ ಸೆಮಿಸ್ಟರಿನಲ್ಲಿ ಬೀದರಿಗೆ ಹೋದರೆ ಐದನೆಯದರಲ್ಲಿ ಯೋಜನೆ ಅನಾಥ. ಆದ್ದರಿಂದಲೇ ಇಬ್ಬರು, ಅವರಲ್ಲಿ ಒಬ್ಬರಾದರೂ ಕಾಯಂ. ಮತ್ತು ಪ್ರತಿ ವಿದ್ಯಾರ್ಥಿಗೆ ವಿಭಾಗದಲ್ಲಿ ಒಂದು ಕಡತ. ಒಪ್ಪಿದ ಯೋಜನೆ, ತಿದ್ದಿದ ದಿನಾಂಕ, ಭೇಟಿಯ ಟಿಪ್ಪಣಿ ಎಲ್ಲ ಅದರಲ್ಲಿದ್ದರೆ ಬಂದ ಹೊಸಬರು ಅಲ್ಲಿಂದಲೇ ಮುಂದುವರಿಸಬಹುದು.

ಸ್ವಯಂ ವೇದಿಕೆಯ ಬಗ್ಗೆ ಅತಿಯಾದ ಭರವಸೆ ಬೇಡ. 2021ರ ನಿಯಮ ಒಂದು ಸೆಮಿಸ್ಟರಿನ ಶೇ 40ರಷ್ಟು ಪತ್ರಿಕೆಗಳನ್ನು ಅಲ್ಲಿಂದ ತರಲು ಬಿಡುತ್ತದೆ, ನಿಜ. ಆದರೆ ಹೆಚ್ಚಿನ ಪಾಠ ಇಂಗ್ಲಿಷಿನಲ್ಲಿದೆ, ಪರೀಕ್ಷಾ ಕೇಂದ್ರ ಊರಲ್ಲಿರುವುದಿಲ್ಲ, ಅಲ್ಲಿನ ಪರೀಕ್ಷೆಯ ದಿನಾಂಕಕ್ಕೂ ನಮ್ಮ ಸೆಮಿಸ್ಟರಿಗೂ ತಾಳ ಕೂಡುವುದಿಲ್ಲ. ಆ ಒಂದು ಫಲಿತಾಂಶ ತಡವಾದರೆ ಇಡೀ ಅಂಕಪಟ್ಟಿ ನಿಲ್ಲುತ್ತದೆ. ಆರನೇ ಸೆಮಿಸ್ಟರಿನಲ್ಲಿ ಸ್ವಯಂ ಪತ್ರಿಕೆ ಬೇಡವೇ ಬೇಡ. ಮೂರು ವರ್ಷಕ್ಕೆ ಎರಡು ಸಾಕು. ಅದಕ್ಕಿಂತ ಪಕ್ಕದ ಕಾಲೇಜು ವಾಸಿ. ಬೇರೆ ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್ ಜಮಾ ಮಾಡಿಕೊಳ್ಳಲು ಬಿಡುವ 2021ರ ಕ್ರೆಡಿಟ್ ಬ್ಯಾಂಕ್ ನಿಯಮದಂತೆ ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧ ಕ್ರೆಡಿಟ್ ಗಳಿಸಿದ್ದರೆ ಸಾಕು. ಒಂದೇ ತಾಲ್ಲೂಕು ಕೇಂದ್ರದಲ್ಲಿ ಎರಡು ಕಾಲೇಜು ಇದ್ದೂ ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಕೂರಲಾಗದು ಎಂಬುದಕ್ಕೆ ನಿಯಮದ ಅಡ್ಡಿ ಏನೂ ಇಲ್ಲ, ರೂಢಿಯದಷ್ಟೆ.

ಇನ್ನು ‘ಪ್ರಾಜೆಕ್ಟ್ ಮಾಡಿಕೊಡಲಾಗುವುದು’ ಎಂದು ಬೋರ್ಡು ಹಾಕಿಕೊಂಡ ಜೆರಾಕ್ಸ್ ಅಂಗಡಿಗಳು. ಅವುಗಳನ್ನು ಮುಚ್ಚಿಸುವುದು ನಮ್ಮ ಕೈಯಲ್ಲಿಲ್ಲ, ಅಲ್ಲಿಂದ ತಂದದ್ದು ನಡೆಯದಂತೆ ಮಾಡುವುದು ಇದೆ. ನೂರರಲ್ಲಿ 40 ಅಂಕ ಕೈಬರಹದ ಕ್ಷೇತ್ರ ಪುಸ್ತಕಕ್ಕೂ ತಿಂಗಳ ಭೇಟಿಗಳಿಗೂ, 30 ವರದಿಗೆ, 30 ಮೌಖಿಕಕ್ಕೆ. ಮೌಖಿಕ ಮುಕ್ಕಾಲು ಗಂಟೆ ನಡೆಯಲಿ, ಒಬ್ಬ ಹೊರಗಿನ ಪರೀಕ್ಷಕರಿರಲಿ. ದಿನಾಂಕ, ಸ್ಥಳ, ಅಳತೆ, ಹೊಡೆದುಹಾಕಿದ ಸಾಲು ಇರುವ ನೋಟ್‌ಬುಕ್ಕನ್ನು ಅಂಗಡಿಯಲ್ಲಿ ಕೊಳ್ಳುವುದು ಕಷ್ಟ.

ಪೋಷಕರು ಕೇಳುವುದು ಇದಾವುದನ್ನೂ ಅಲ್ಲ. ‘ಇದು ಓದಿದರೆ ಮುಂದೇನು?’ ನ್ಯಾಯವಾದ ಪ್ರಶ್ನೆ. ಯಾವುದೇ ಪದವಿ ಸಾಕೆನ್ನುವ ಕೆಎಎಸ್‌ನಂಥ ಪರೀಕ್ಷೆಗಳಿಗೆ ತೊಂದರೆಯಿಲ್ಲ. ಕುತ್ತಿಗೆಗೆ ಬರುವುದು ಬಿ.ಇಡಿ. ಮತ್ತು ಎಂ.ಎ. ಬಿ.ಇಡಿ.ಗೆ ಶಾಲೆಯಲ್ಲಿ ಬೋಧಿಸುವ ವಿಷಯಗಳನ್ನು ಪದವಿಯಲ್ಲಿ ಓದಿರಬೇಕು. ಶಿಕ್ಷಕರ ನೇಮಕಾತಿಯಲ್ಲೂ ಅಂಕಪಟ್ಟಿ ತಿರುವಿ ಐಚ್ಛಿಕ ವಿಷಯ ನೋಡುತ್ತಾರೆ. ಎಂ.ಎ. ಭೂಗೋಳಕ್ಕೆ ಪದವಿಯಲ್ಲಿ ಭೂಗೋಳ ಬೇಕು. 36 ಮತ್ತು 20 ಎಂದು ನಾವು ಎರಡು ವಿಷಯಗಳನ್ನು ಗಟ್ಟಿಯಾಗಿ ಕಟ್ಟಿರುವುದು ಇದಕ್ಕಾಗಿಯೇ. ಆದರೆ ಕಟ್ಟಿದರೆ ಸಾಲದು, ಮಾನ್ಯ ಮಾಡುವ ಆದೇಶ ಬೇಕು. ಯುಜಿಸಿ ಲೆಕ್ಕದಲ್ಲಿ ಒಂದು ವಿಷಯ ಮೇಜರ್ (ಮುಖ್ಯ ವಿಷಯ) ಎನಿಸಲು ಒಟ್ಟು ಕ್ರೆಡಿಟ್‌ನ ಅರ್ಧ ಬೇಕು. ನಮ್ಮ 36 ಅಲ್ಲಿಗೆ ಮುಟ್ಟುವುದಿಲ್ಲ. ಅದೇ ಚೌಕಟ್ಟು ಬಹುಶಿಸ್ತೀಯ ಕಾರ್ಯಕ್ರಮಗಳನ್ನೂ ಒಪ್ಪುತ್ತದೆಯಾದ್ದರಿಂದ ಆ ಹಾದಿಯಲ್ಲಿ ಹೋಗಬೇಕು, ರಾಜ್ಯದ ಪ್ರವೇಶ ನಿಯಮಗಳಲ್ಲಿ ‘ಆಧಾರ ವಿಷಯ 36 ಕ್ರೆಡಿಟ್ ಓದಿದವರು ಅರ್ಹರು’ ಎಂಬ ಸಾಲು ಸೇರಿಸಬೇಕು.

ಹೆಸರಿನ ಆಸೆಯೂ ಬೇಡ. ‘ಲಿಬರಲ್ ಸ್ಟಡೀಸ್’ ಎಂದು ಹೊಸ ಪದವಿ ಹುಟ್ಟಿಸಿದರೆ, ಅದು ಯುಜಿಸಿ ಕಾಯ್ದೆಯ 22ನೇ ಕಲಮಿನಡಿ ಒಪ್ಪಿದ ಹೆಸರು ಹೌದೋ ಅಲ್ಲವೋ ಎಂಬಲ್ಲಿಂದ ತಕರಾರು ಶುರುವಾಗಿ, ಪ್ರತಿ ನೇಮಕಾತಿಯಲ್ಲೂ ತತ್ಸಮಾನ ಪ್ರಮಾಣಪತ್ರ ತಾ ಎನ್ನುವವರೆಗೆ ಹೋಗುತ್ತದೆ. ಪದವಿ ಬಿ.ಎ. ಎಂದೇ, ಬಿ.ಎಸ್ಸಿ. ಎಂದೇ ಇರಲಿ. ಅಂಕಪಟ್ಟಿಯಲ್ಲಿ ಕೆಳಗೊಂದು ಸಾಲು: ‘ಆಧಾರ ವಿಷಯ ಭೂಗೋಳ, ಎರಡನೇ ವಿಷಯ ಇತಿಹಾಸ, ಅಧ್ಯಯನ: ಕೋಲಾರದ ಕೆರೆಗಳು’. ಸಾಕು.

ಈ ಒಂದು ಸಾಲು ಅಚ್ಚಾಗುವುದಕ್ಕೇ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನಡೆಸುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಬದಲಾವಣೆ ಬೇಕು. ಕಾಂಬಿನೇಷನ್ ಕೋಡ್ ಇಲ್ಲದೆ ಪ್ರವೇಶವಿಲ್ಲ, ಪ್ರವೇಶವಿಲ್ಲದೆ ಹಾಲ್ ಟಿಕೆಟ್ ಇಲ್ಲ. ಎಷ್ಟೇ ಒಳ್ಳೆಯ ಆದೇಶ ಹೊರಡಿಸಿದರೂ ‘ಸಿಸ್ಟಂ ತಗೊಳ್ತಿಲ್ಲ ಸರ್’ ಎಂಬ ಕೇಸ್ ವರ್ಕರ್ ಮಾತಿನ ಮುಂದೆ ಅದು ಕಾಗದ. ಆದ್ದರಿಂದ ಮೊದಲು ಕೋಡ್, ಆಮೇಲೆ ಉದ್ಘಾಟನೆ.

ಖರ್ಚು ಎಷ್ಟು? ಒಂದು ಕಾಲೇಜಿಗೆ ವರ್ಷಕ್ಕೆ 15 ವಿದ್ಯಾರ್ಥಿ ಎಂದುಕೊಳ್ಳಿ. ನಾಲ್ವರಿಗೊಂದು ಗುಂಪಿನಂತೆ ನಾಲ್ಕು ಗುಂಪು. ಎರಡನೇ ವರ್ಷದಲ್ಲಿ ಗುಂಪಿಗೆ ವಾರಕ್ಕೆ 1 ಗಂಟೆ, ಒಟ್ಟು 4. ಮೂರನೇ ವರ್ಷದಲ್ಲಿ ಗುಂಪಿಗೆ 2, ಒಟ್ಟು 8. ವಿಧಾನದ ಪತ್ರಿಕೆಗೆ 3. ವಾರಕ್ಕೆ 15 ಗಂಟೆ. ಒಬ್ಬ ಸಹಾಯಕ ಪ್ರಾಧ್ಯಾಪಕರ ಕಾರ್ಯಭಾರಕ್ಕಿಂತ ಒಂದು ಗಂಟೆ ಕಡಿಮೆ. ಆದರೆ ಈ ಗಂಟೆಗಳು ಕಾರ್ಯಭಾರದ ಪಟ್ಟಿಯಲ್ಲಿ ಗಂಟೆಗಳಾಗಿಯೇ ನಮೂದಾಗಬೇಕು. ‘ಹೆಚ್ಚುವರಿ ಜವಾಬ್ದಾರಿ’ ಎಂದು ಬರೆದರೆ ಓಪನ್ ಎಲೆಕ್ಟಿವ್‌ನ ಕಥೆಯೇ ಮತ್ತೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೋರುವುದು ಇಷ್ಟು. ರಾಜ್ಯದ ಐದು ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ, ತಲಾ ಎರಡು ಸರ್ಕಾರಿ ಕಾಲೇಜುಗಳಲ್ಲಿ, ಮೂರು ವರ್ಷದ ಮಟ್ಟಿಗೆ ಇದನ್ನು ಪ್ರಾಯೋಗಿಕವಾಗಿ ನಡೆಸಲು ಆದೇಶಿಸಿ. ಆ ಹತ್ತರಲ್ಲಿ ಕನಿಷ್ಠ ಆರು ತಾಲ್ಲೂಕು ಕೇಂದ್ರದ ಕಾಲೇಜುಗಳಾಗಿರಲಿ; ಬೆಂಗಳೂರು, ಮೈಸೂರಿನಲ್ಲಿ ನಡೆಸಿ ಯಶಸ್ವಿ ಎಂದು ಘೋಷಿಸುವುದು ಸುಲಭ. ಕಲೆ ಮತ್ತು ವಿಜ್ಞಾನ ಎರಡೂ ಒಂದೇ ಆವರಣದಲ್ಲಿರುವ ಕಾಲೇಜುಗಳನ್ನೇ ಆರಿಸಿ. ಮಾರ್ಗದರ್ಶನದ ಗಂಟೆಯನ್ನು ಅತಿಥಿ ಉಪನ್ಯಾಸಕರಿಗೂ ಸೇರಿ ಕಾರ್ಯಭಾರವೆಂದು ಪರಿಗಣಿಸಿ. ಬಿ.ಇಡಿ., ಸ್ನಾತಕೋತ್ತರ ಪ್ರವೇಶ ಹಾಗೂ ಶಿಕ್ಷಕರ ನೇಮಕಾತಿಯ ಅರ್ಹತೆಯ ಸ್ಪಷ್ಟೀಕರಣವನ್ನು ಶಾಲಾ ಶಿಕ್ಷಣ ಇಲಾಖೆಯ ಜೊತೆ ಮಾತಾಡಿ, ಮೊದಲ ವಿದ್ಯಾರ್ಥಿ ಅರ್ಜಿ ಹಾಕುವ ಮುನ್ನವೇ ಹೊರಡಿಸಿ. ಅದು ಬಾರದಿದ್ದರೆ ಪ್ರಯೋಗವನ್ನು ಶುರುಮಾಡಲೇಬೇಡಿ. ಇನ್ನೊಂದು ಆದೇಶ ಬದಲಾದಾಗ ಮಧ್ಯದಲ್ಲಿ ಸಿಕ್ಕಿಕೊಳ್ಳುವ ಮಕ್ಕಳನ್ನು ಈ ರಾಜ್ಯ ಒಮ್ಮೆ ನೋಡಿದೆ.

ಮೊದಲ ವರ್ಷದಲ್ಲಿ ಹತ್ತು ಕಾಲೇಜಿಗೆ 15ರಂತೆ 150 ವಿದ್ಯಾರ್ಥಿಗಳು. ಬಾರದಿದ್ದರೆ ನೂರೇ ಬರಲಿ, ಸೀಟು ತುಂಬಿಸಲು ಯಾರನ್ನೂ ಎಳೆದು ತರುವುದು ಬೇಡ. ಎರಡನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಯೋಜನೆಯ ನಮೂನೆ ಕಾಲೇಜುಗಳ ಕೈಯಲ್ಲಿರಬೇಕಾದರೆ ಪ್ರವೇಶದ ಅಧಿಸೂಚನೆಗೆ ಮುಂಚೆಯೇ ಪರಿಷತ್ತು ಸಭೆ ಕರೆಯಬೇಕು. ಕರೆದರೆ ಈ ಪತ್ರದಲ್ಲಿ ಸಾರಾಂಶ ಹೇಳಿದ ಕ್ರೆಡಿಟ್ ಹಂಚಿಕೆ, ಯೋಜನೆಯ ನಮೂನೆ, ವಿಧಾನ ಪತ್ರಿಕೆಯ ಕರಡು ಇವಿಷ್ಟನ್ನೂ ಕನ್ನಡದಲ್ಲಿ ಸಿದ್ಧಪಡಿಸಿ ತರುವ ಹೊಣೆ ನಮ್ಮದು.

ಇಂತಿ ತಮ್ಮ ವಿಶ್ವಾಸಿಗಳು,
ಪದವಿ ಕಾಲೇಜುಗಳ ಕೆಲವು ಅಧ್ಯಾಪಕರು